ನೂರಡಿಯ ಪೈಪು

ಜನವರಿ ೯, ಗುರುವಾರ

ಈ ಡೈರಿ ಔಷಧ ಕಂಪನಿಯವರು ಕೊಟ್ಟದ್ದು. ಪ್ರತಿ ಪುಟದ ಕೆಳಗೂ ಹಸುವಿನ ಹೊಟ್ಟೆಹುಳದ ಮಾತ್ರೆಯ ಜಾಹೀರಾತಿದೆ. ಇವರು ತಂದು ನನ್ನ ಮೇಜಿನ ಮೇಲಿಟ್ಟು, "ಬಿ.ಪಿ. ನೂರಾ ಎಪ್ಪತ್ತಕ್ಕೆ ಹೋಗಿದೆ. ಬಯ್ಯೋದಿದ್ರೆ ಇದಕ್ಕೆ ಬಯ್ಯಿ" ಅಂದರು. ಮೂವತ್ತು ವರ್ಷ ನನ್ನ ಬೈಗುಳ ಕೇಳಿದ ಗಂಡನ ಕಿವಿಗೆ ರಜೆ ಬೇಕಂತೆ. ಸರಿ, ಬಯ್ಯುತ್ತೇನೆ.

ಮೊದಲನೆಯದು ಮರದ ಮಿಲ್ಲಿನವನಿಗೆ. ಅವನ ಮುಚ್ಚಿದ ಮಿಲ್ಲಿನ ಶೆಡ್ಡಿನಲ್ಲಿ ಹತ್ತೊಂಬತ್ತು ವರ್ಷದಿಂದ ನಮ್ಮ ಪ್ರಾಣಿಗಳ ಆಶ್ರಯ ನಡೆಯುತ್ತಿದೆ. ಇವತ್ತು ಬಂದು, ಜಾಗ ಮಾರಿದ್ದೇನೆ, ಏಪ್ರಿಲ್ ಮೂವತ್ತರೊಳಗೆ ಖಾಲಿ ಮಾಡಿ ಅಂದ. ಅರವತ್ತನಾಲ್ಕು ನಾಯಿ, ಮೂವತ್ತೊಂದು ಬೆಕ್ಕು, ಒಂದು ಕುರುಡು ಕತ್ತೆ. ಇವನ್ನೆಲ್ಲ ಮಡಚಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗಲೇನಪ್ಪಾ ಎಂದು ಕೇಳಿದೆ. "ನಿಮ್ಮ ಹತ್ರ ಮಾತಾಡೋಕೇ ಭಯ ಆಗತ್ತೆ ಡಾಕ್ಟ್ರೇ" ಅಂದು ಸ್ಕೂಟರ್ ಹತ್ತಿದ. ಭಯವಾಗಲಿ.

ಬೇರೆ ಜಾಗ ಹಿಡಿಯೋಣವೆಂದರೆ ಕೊಡುವ ಕೈ ಒಂದೂ ಉಳಿದಿಲ್ಲ. ಹೋದ ಬೇಸಿಗೆಯಲ್ಲಿ ಹನ್ನೊಂದು ದಿನದಲ್ಲಿ ಇಪ್ಪತ್ಮೂರು ನಾಯಿಮರಿಗಳು ರಕ್ತಭೇದಿ ಹತ್ತಿ ಸತ್ತವು. ಪೇಪರಿನಲ್ಲಿ ಬಂತು, ದಾನಿಗಳೆಲ್ಲ ಒಬ್ಬೊಬ್ಬರಾಗಿ ಜಾರಿಕೊಂಡರು. ಇಷ್ಟಕ್ಕೂ ಕಾರಣ ತೊಳೆಯುವ ಕೆಲಸದ ಆ ಹೆಂಗಸು. ಕಾಯಿಲೆಯ ಕೋಣೆಗೆ ಪೈಪಿನ ನೀರು ಬಿಡಬಾರದು, ಅಲ್ಲಿನ ಕೊಳೆಯನ್ನು ಬಕೆಟ್ಟಿನಲ್ಲಿ ಬಳಿದು ಹಿಂದಿನ ಗುಂಡಿಗೆ ಸುರಿಯಬೇಕು ಎಂದು ನಿಯಮ. ಆಕೆ ಮೇಲಿನಿಂದ ನೀರು ಬಿಟ್ಟು ಎಲ್ಲವನ್ನೂ ಮರಿಗಳ ಕೋಣೆಯತ್ತ ಹರಿಸಿದಳು. ವರದಿಯಲ್ಲಿ ಎಲ್ಲ ಇದೆ. ಹೆಬ್ಬೆಟ್ಟು ಒತ್ತಿ ಒಪ್ಪಿಕೊಂಡಿದ್ದಾಳೆ. ಕೆಲಸದಿಂದ ತೆಗೆದೆ. ಅಲ್ಲಿಗೆ ಮುಗಿಯಿತು.

ಜನವರಿ ೧೨, ಭಾನುವಾರ

ನಾದಿನಿಯ ಮಗಳು ಬಂದಿದ್ದಳು. ಐದು ವರ್ಷದಿಂದ ಆಸ್ಪತ್ರೆಗಳ ನಕ್ಷೆ ಬರೆಯುವವಳು. ಹೊಸ ಆಶ್ರಯದ ನಕ್ಷೆಯನ್ನು ಪುಕ್ಕಟೆ ಮಾಡಿಕೊಡುತ್ತಾಳಂತೆ. ಪುಕ್ಕಟೆ ಅಂದಮೇಲೆ ಬಯ್ಯುವ ಹಕ್ಕು ಹೋಯಿತು, ಅದೇ ಬೇಸರ. ಬಂದವಳು ಕೂರುವ ಮೊದಲೇ ನಮ್ಮ ಅಡುಗೆಮನೆಯ ಬಾಗಿಲಿಗೆ ಟೇಪು ಹಿಡಿದಳು. ಯಾಕಮ್ಮಾ ಅಂದರೆ, "ಸುಮ್ನೆ ಅತ್ತೆ, ಅಭ್ಯಾಸ" ಅಂತಾಳೆ. ಸ್ಕೇಲು ಎಂದು ಹೆಸರಿಟ್ಟಿದ್ದೇನೆ. ಇವರಿಗೆ ಗೊತ್ತಾದರೆ ತಂಗಿಯ ಮಗಳ ಪರವಾಗಿ ವಕೀಲಿಕೆ ಶುರು ಮಾಡುತ್ತಾರೆ, ಬರವಣಿಗೆಯಲ್ಲೇ ಇರಲಿ.

ನಕ್ಷೆ ಯಾವತ್ತಿಗೆ ಎಂದೆ. "ಮೊದ್ಲು ಒಂದು ವಾರ ಮೂಲೇಲಿ ನಿಂತು ನೋಡ್ತೀನಿ ಅತ್ತೆ. ಹೇಗೆ ಊಟ ಹಾಕ್ತೀರಿ, ಹೇಗೆ ತೊಳೀತೀರಿ, ಯಾರು ಯಾವ ಕಡೆಯಿಂದ ಎಲ್ಲಿಗೆ ನಡೀತಾರೆ. ಅದಾದ್ಮೇಲೆ ಗೀಟು ಹಾಕೋದು."

ಏಪ್ರಿಲ್ ಮೂವತ್ತಕ್ಕೆ ನಾವು ಬೀದಿಪಾಲು. ಇವಳು ಮೂಲೆಯಲ್ಲಿ ನಿಲ್ಲುತ್ತಾಳಂತೆ.

ಜನವರಿ ೨೦, ಸೋಮವಾರ

ಪೇಂಟ್ ಫ್ಯಾಕ್ಟರಿಯ ಯಜಮಾನರ ಆಫೀಸಿನಲ್ಲಿ ಒಂದೂವರೆ ಗಂಟೆ ಕಾದೆ. ಎದುರಿನ ಗೋಡೆಗೆ ಹದಿನಾರು ಬಗೆಯ ಬಿಳಿ ಬಣ್ಣದ ಪಟ್ಟಿ ಅಂಟಿಸಿದ್ದರು. ಕಾದು ಕಾದು, ಹದಿನಾರೂ ಒಂದೇ ಎಂದು ತೀರ್ಮಾನಿಸಿದೆ.

ಮನುಷ್ಯ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಎರಡು ಮಾತು ಬೈದು ಎದ್ದು ಬರಬಹುದಿತ್ತು. ಫ್ಯಾಕ್ಟರಿಯ ಹಿಂದಿನ ಒಂದೂವರೆ ಎಕರೆ ಜಾಗ, ಕಟ್ಟಡದ ಪೂರ್ತಿ ಖರ್ಚು, ಕಟ್ಟಡ ಏಳುವ ತನಕ ಇರಲು ಖಾಲಿ ಗೋದಾಮು, ಇಷ್ಟನ್ನೂ ಕೊಡುತ್ತಾರಂತೆ. ನಕ್ಷೆ ಒಪ್ಪಿಗೆಯಾಗಬೇಕು, ಮತ್ತೆ ಇನ್ನೊಂದು. "ಮರಿಗಳು ಸತ್ತ ಸುದ್ದಿ ಪೇಪರಲ್ಲಿ ಓದಿದೀನಿ ಡಾಕ್ಟ್ರೇ. ನನ್ನ ಹೆಸರಿರೋ ಕಟ್ಟಡದಲ್ಲಿ ಹಾಗಾಗ್ಬಾರ್ದು. ಯಾಕಾಯ್ತು ಅಂತ ನನಗೆ ಸರಿಯಾಗಿ ಗೊತ್ತಿರ್ಬೇಕು."

ವರದಿಯ ಪ್ರತಿ ಕೊಟ್ಟೆ. ನಿಧಾನವಾಗಿ ಓದಿ, "ಹಾಗಾದ್ರೆ ಒಬ್ಬಳ ಉದಾಸೀನ" ಅಂದರು. ಹೌದು ಅಂದೆ. ಮೆಟ್ಟಿಲು ಇಳಿಯುವಾಗ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಕಾಯಿಸಿದ್ದಕ್ಕೇ ಇರಬೇಕು. ಒಂದೂವರೆ ಗಂಟೆ ಅಂದರೆ ಕಡಿಮೆಯೇ?

ಜನವರಿ ೨೧, ಮಂಗಳವಾರ

ಬಸ್ ಸ್ಟಾಪಿನಲ್ಲಿ ಆ ಹೆಂಗಸು. ನನ್ನನ್ನು ನೋಡಿ ನಕ್ಕಳು. ನಕ್ಕಿದ್ದು ಸಾಲದೆಂದು ರಸ್ತೆ ದಾಟಿ ಬಂದು, "ಚೆನ್ನಾಗಿದೀರಾ ಡಾಕ್ಟ್ರಮ್ಮಾ? ಮ್ಯಾನೇಜರು ಹೇಗಿದಾನೆ?" ಎಂದು ಕೇಳಿದಳು. ಮ್ಯಾನೇಜರು ಎಂದರೆ ನಮ್ಮ ಮೂರು ಕಾಲಿನ ಮುದಿ ನಾಯಿ. ದಿನಾ ಬೆಳಿಗ್ಗೆ ಇಡೀ ಶೆಡ್ಡನ್ನು ತಪಾಸಣೆ ಮಾಡಿ, ಏನೂ ಸರಿಯಿಲ್ಲವೆಂಬ ಮುಖ ಮಾಡಿಕೊಂಡು ಮಲಗುವವನು.

ಇಪ್ಪತ್ಮೂರು ಮರಿಗಳ ಸಾವಿಗೆ ಹೆಬ್ಬೆಟ್ಟು ಒತ್ತಿದವಳು ಎಂಟು ತಿಂಗಳಲ್ಲಿ ಹೀಗೆ ನಗುತ್ತ ಎದುರು ಬರುತ್ತಾಳೆಂದರೆ ಎಂಥ ಭಂಡತನ. ಉತ್ತರ ಕೊಡದೆ ಬಂದ ಬಸ್ಸು ಹತ್ತಿದೆ. ಅದು ನನ್ನ ಬಸ್ಸಲ್ಲ. ಮೂರು ಸ್ಟಾಪಿನ ಆಚೆ ಇಳಿದು ನಡೆದುಕೊಂಡು ಬಂದೆ. ಈಗ ಮೊಣಕಾಲು ಊದಿದೆ. ಅದಕ್ಕೂ ಅವಳೇ ಕಾರಣ.

ಫೆಬ್ರವರಿ ೩, ಸೋಮವಾರ

ಸ್ಕೇಲು ಮೂಲೆಯಲ್ಲಿ ನಿಂತು ಒಂದು ವಾರವಾಯಿತು. ಕೈಯಲ್ಲಿ ಗಡಿಯಾರ, ಎರಡು ಬಣ್ಣದ ಪೆನ್ಸಿಲು. ಕಾಯಿಲೆಯ ನಾಯಿ ಮುಟ್ಟಿದವರು ನಡೆದ ದಾರಿಗೆ ಕೆಂಪು ಗೀಟು, ಉಳಿದವರ ದಾರಿಗೆ ಹಸಿರು. ಸಂಜೆ ಹಾಳೆ ಬಿಡಿಸಿ ತೋರಿಸಿದಳು. ಕೆಂಪು ಹಸಿರು ಎರಡೂ ಸಿಕ್ಕುಸಿಕ್ಕಾಗಿ ಕಗ್ಗಂಟಾಗಿತ್ತು. ಅದರಲ್ಲಿ ಅತಿ ಉದ್ದದ ಕೆಂಪು ಗೀಟು ನನ್ನದೇ. ಕಾಯಿಲೆಯ ಕೋಣೆಯಿಂದ ಎದ್ದು ನೇರವಾಗಿ ಬೆಕ್ಕುಗಳ ಕೋಣೆಗೆ ಹೋಗಿ ಟೀ ಕುಡಿದಿದ್ದೇನೆ, ಅದೂ ನಾಲ್ಕು ಸಲ.

"ಬಯ್ಯೋಕೆ ಬರ್ದಿದ್ದಲ್ಲ ಅತ್ತೆ. ಜನ ಹೇಗಿದಾರೋ ಹಾಗೇ ಇರ್ತಾರೆ. ಬಾಗಿಲು ಎಲ್ಲಿಡ್ಬೇಕು ಅಂತ ಗೊತ್ತಾಗ್ಲಿ ಅಂತ."

ನನ್ನ ಅರ್ಧ ವಯಸ್ಸಿನವಳು ನನ್ನನ್ನು ಕ್ಷಮಿಸುತ್ತಾಳೆ. ಹಾಳೆ ಮಡಚಿ ಅವಳ ಕೈಗೆ ಕೊಟ್ಟೆ.

ಫೆಬ್ರವರಿ ೪, ಮಂಗಳವಾರ

ಬೆಳಿಗ್ಗೆ ಬರುವಾಗ ಸ್ಕೇಲು ಬಟ್ಟೆಗೆ ಹಾಕುವ ನೀಲಿಯ ಎರಡು ಬಾಟಲಿ ತಂದಿದ್ದಳು. ನಮ್ಮ ಶೆಡ್ಡು ಇಳಿಜಾರಿನಲ್ಲಿದೆ. ಮೇಲಿನ ತುದಿಯಲ್ಲಿ ಕಾಯಿಲೆಯ ಕೋಣೆ, ನಡುವೆ ನಾಯಿಗಳ ಗೂಡುಗಳ ಸಾಲು, ಕೆಳಗಿನ ತುದಿಯಲ್ಲಿ ಮರಿಗಳ ಕೋಣೆ. ಮರಿಗಳ ಕೋಣೆ ಹೋದ ಬೇಸಿಗೆಯಿಂದ ಖಾಲಿ ಬಿದ್ದಿದೆ. ಕಾಯಿಲೆಯ ಕೋಣೆಯಲ್ಲಿದ್ದ ಎರಡು ನಾಯಿಗಳನ್ನು ಅಂಗಳಕ್ಕೆ ಕಳಿಸಿ, ಆ ನೆಲದ ಮೇಲೆ ನೀಲಿ ಸುರಿದು, ಈಗಿನ ತೊಳೆಯುವವನಿಗೆ ಹೇಳಿದಳು: "ವರದೀಲಿ ಬರ್ದಿದೆಯಲ್ಲ, ಮೇಲಿನ ನಲ್ಲಿಯಿಂದ ತೊಳೀತಿದ್ರು ಅಂತ, ಹಾಗೆ ಒಂದ್ಸಲ ತೊಳೀರಿ."

ಅವನು ಉಗ್ರಾಣದಿಂದ ಹಳೆಯ ಪೈಪು ಎಳೆದು ತಂದು ನಲ್ಲಿಗೆ ಸಿಕ್ಕಿಸಿದ. ನೀಲಿ ನೀರು ಗೂಡುಗಳ ಮುಂದಿನ ಕಾಲುವೆಯಲ್ಲಿ ಇಳಿದು, ತಿರುವಿನಲ್ಲಿ ಉಕ್ಕಿ, ಮರಿಗಳ ಕೋಣೆಯ ಹೊಸ್ತಿಲು ಹತ್ತಿ ಒಳಗೆ ಹೋಗಿ ನಿಂತಿತು. ನಾಲ್ಕು ನಿಮಿಷ ಹತ್ತು ಸೆಕೆಂಡು ಎಂದು ಸ್ಕೇಲು ಬರೆದುಕೊಂಡಳು. ಆ ಖಾಲಿ ಕೋಣೆಯ ನೆಲ ಪೂರ್ತಿ ನೀಲಿಯಾಗಿತ್ತು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಹಿಂದೆಯೇ ಬಂದು ಕೇಳಿದಳು. "ಅತ್ತೆ, ಈ ಪೈಪು ನೂರಡಿ ಇದೆ. ಬಕೆಟ್ಟಲ್ಲಿ ತೊಳೆಯೋ ನಿಯಮ ಇರೋ ಕಡೆ ನೂರಡಿ ಪೈಪು ಯಾಕೆ ತಂದ್ರಿ? ಇನ್ನೊಂದು, ಪೈಪಕ್ಕ ಅಂದ್ರೆ ಯಾರು? ಕೆಲಸದವರೆಲ್ಲ ಈ ಪೈಪನ್ನ ಪೈಪಕ್ಕನ ಪೈಪು ಅಂತಾರೆ."

"ನೀನು ಬಂದಿರೋದು ನಕ್ಷೆ ಬರಿಯೋಕೆ. ಪೊಲೀಸ್ ಕೆಲಸಕ್ಕಲ್ಲ."

"ನಲ್ಲಿ ಎಲ್ಲೆಲ್ಲಿ ಇಡ್ಬೇಕು ಅಂತ ಕೇಳ್ತಿದೀನಿ ಅತ್ತೆ. ಅಷ್ಟೆ."

ಕಿರುಚಿದೆ. ಏನೇನು ಅಂದೆನೋ ನೆನಪಿಲ್ಲ. ಅರವತ್ತನಾಲ್ಕು ನಾಯಿಗಳೂ ಬೊಗಳುವುದನ್ನು ನಿಲ್ಲಿಸಿದ್ದವು ಎಂದು ಆಮೇಲೆ ತೊಳೆಯುವವನು ಹೇಳಿದ.

ಫೆಬ್ರವರಿ ೫, ಬುಧವಾರ

ಹೋದ ಬೇಸಿಗೆಯಲ್ಲಿ ಕೆಳಗಿನ ನಲ್ಲಿ ಒಡೆದಿತ್ತು. ನೀರು ಬರುತ್ತಿದ್ದುದೇ ಬೆಳಿಗ್ಗೆ ಒಂದು ಗಂಟೆ ಹೊತ್ತು. ಪ್ಲಂಬರ್ ಇವತ್ತು ನಾಳೆ ಎಂದು ಆರು ವಾರ ಆಡಿಸಿದ. ಬಯ್ಯುವುದಾದರೆ ಅವನಿಗೆ ಬಯ್ಯಬೇಕು.

ಫೆಬ್ರವರಿ ೧೪, ಶುಕ್ರವಾರ

ಇವತ್ತು ಗೇಟಿಗೇ ಬಂದಿದ್ದಾಳೆ, ಆ ಹೆಂಗಸು. ದೊಡ್ಡ ಆಸ್ಪತ್ರೆಯಲ್ಲಿ ತೊಳೆಯುವ ಕೆಲಸ ಖಾಲಿಯಿದೆಯಂತೆ, ಸಂಬಳ ಚೆನ್ನಾಗಿದೆಯಂತೆ. "ನಿಮ್ಮ ಹತ್ರ ಹದಿನಾಲ್ಕು ವರ್ಷ ಇದ್ದೆ ಅಂತ ಒಂದು ಕಾಗದ ಬರ್ಕೊಟ್ರೆ ಸಾಕು ಡಾಕ್ಟ್ರಮ್ಮಾ. ನಿಮ್ಮ ಕಾಗದ ಅಂದ್ರೆ ಬೇಡ ಅನ್ನಲ್ಲ ಅವ್ರು."

ನನ್ನ ಕೈಯಿಂದಲೇ ಒಳ್ಳೆಯ ನಡತೆಯ ಕಾಗದ ಬೇಕಂತೆ. ಬಿಡುವಿಲ್ಲ, ಇನ್ನೊಮ್ಮೆ ಬಾ ಎಂದೆ. "ಆಗ್ಲಿ, ಅವಸರ ಇಲ್ಲ" ಅಂದು, ಬೇಲಿಯ ಸಂದಿಯಿಂದ ಕೈ ತೂರಿಸಿ ಮ್ಯಾನೇಜರಿನ ಕಿವಿಯ ಹಿಂದೆ ಕೆರೆದಳು. ಆ ದ್ರೋಹಿ ಕಣ್ಣು ಮುಚ್ಚಿಕೊಂಡು ನಿಂತಿದ್ದ. ಹೋಗುವಾಗ, "ಮರಿಗಳ ಕೋಣೆ ಮತ್ತೆ ತುಂಬ್ತಾ?" ಎಂದು ಕೇಳಿದಳು.

ಚುಚ್ಚಲೆಂದೇ ಕೇಳಿದ್ದು. ಖಂಡಿತ ಚುಚ್ಚಲೆಂದೇ. ಮುಖದಲ್ಲಿ ಹಾಗೆ ಕಾಣಲಿಲ್ಲ, ಅದು ಬೇರೆ ವಿಷಯ.

ಫೆಬ್ರವರಿ ೨೨, ಶನಿವಾರ

ನಕ್ಷೆ ಬಂತು. ಹೊಗಳಬಾರದು ಎಂದುಕೊಂಡು ಕೂತೆ, ಆಗಲಿಲ್ಲ. ಯಾವ ಗೂಡಿನ ಬಾಗಿಲೂ ಇನ್ನೊಂದರ ಎದುರಿಗಿಲ್ಲ. ನಾಯಿಯ ಮೂಗಿನ ಎತ್ತರದವರೆಗೆ ಗಟ್ಟಿ ಗೋಡೆ, ಅದರ ಮೇಲೆ ಜಾಲರಿ. ಗೋಡೆ ನೆಲಕ್ಕೆ ಸೇರುವಲ್ಲಿ ಮೂಲೆಯೇ ಇಲ್ಲ, ಕೊಳೆ ಕೂರದಂತೆ ಗುಂಡಗೆ ತಿದ್ದಿದ್ದಾಳೆ. ಪ್ರತಿ ಗೂಡಿನ ನೀರೂ ಹಿಂದಕ್ಕೆ ಹೋಗಿ ಮುಚ್ಚಿದ ಚರಂಡಿಗೆ ಬೀಳುತ್ತದೆ, ಪಕ್ಕದ ಗೂಡಿನ ಮುಖವನ್ನೇ ನೋಡುವುದಿಲ್ಲ. ಕಾಯಿಲೆಯ ಕೋಣೆ ಬೇರೆಯೇ ಕಟ್ಟಡ, ಇಳಿಜಾರಿನ ಕೆಳಗೆ, ಗಾಳಿ ಹೊರಟುಹೋಗುವ ದಿಕ್ಕಿನಲ್ಲಿ. ಅದಕ್ಕೆ ಅದರದೇ ಬಾಗಿಲು, ಅದರದೇ ಬೂಟು, ಅದರದೇ ಪೊರಕೆ. ಇಪ್ಪತ್ತಡಿಗೊಂದು ನಲ್ಲಿ. "ಉದ್ದದ ಪೈಪು ಬೇಕು ಅಂತ ಯಾರಿಗೂ ಅನ್ಸಬಾರ್ದು" ಅಂದಳು, ನನ್ನ ಮುಖ ನೋಡದೆ.

ಯಜಮಾನರಿಗೆ ಮಾತ್ರ ಗಾಜು ಬೇಕಂತೆ. ಎರಡೂ ಕಡೆ ಗಾಜಿನ ಗೋಡೆ, ನಡುವೆ ಜನ ನಡೆಯುವ ದಾರಿ, ಆಭರಣದ ಅಂಗಡಿಯ ಹಾಗೆ. ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಕೇಲು ಅವರನ್ನು ನಮ್ಮ ಶೆಡ್ಡಿಗೆ ಕರೆದುಕೊಂಡು ಹೋಗಿ ಎದುರುಬದುರು ಗೂಡುಗಳ ನಡುವೆ ನಿಲ್ಲಿಸಿ, ನಾಯಿಗಳು ಒಂದನ್ನೊಂದು ನೋಡದಂತೆ ನಾವು ಇಳಿಬಿಟ್ಟಿದ್ದ ಪರದೆ ಎತ್ತಿಸಿದಳು. ಎರಡು ನಾಯಿ ಒಂದನ್ನೊಂದು ನೋಡಿ ಶುರು ಮಾಡಿದವು, ಆಮೇಲೆ ಇಡೀ ಸಾಲು. ಯಜಮಾನರು ಏನೋ ಹೇಳಿದರು, ಅವರ ಮಾತು ಅವರಿಗೇ ಕೇಳಲಿಲ್ಲ. ಸ್ಕೇಲು ಪರದೆ ಇಳಿಸಲಿಲ್ಲ. ಹತ್ತು ನಿಮಿಷ ಗಡಿಯಾರ ಹಿಡಿದು ನಿಂತಿದ್ದಳು.

ಹೊರಗೆ ಬಂದು ಹಣೆ ಒರೆಸಿಕೊಂಡು, "ಒಂದು ಕಡೆಯಾದ್ರೂ ಗಾಜು ಇರ್ಲಿ" ಅಂದರು. ಹಟ ಅಂದರೆ ಇದು. ಮನೆಗೆ ಬಂದು ಇವರಿಗೆ ಹೇಳಿದರೆ, "ಹಟದ ಬಗ್ಗೆ ನೀನು ಮಾತಾಡ್ತಿದೀಯಾ?" ಎಂದು ನಕ್ಕರು. ಇವರ ಜೊತೆ ಮಾತು ಬಿಟ್ಟಿದ್ದೇನೆ.

ಮಾರ್ಚ್ ೩, ಸೋಮವಾರ

ಒಪ್ಪಿದರು. ನಕ್ಷೆ, ಜಾಗ, ಗೋದಾಮು, ಎಲ್ಲ. ಇದೇ ಇಪ್ಪತ್ತರಂದು ಸಹಿ. ಅಲ್ಲೇ ಕುಣಿದಾಡಬೇಕಿತ್ತು.

ಅಷ್ಟರಲ್ಲಿ ಅವರು ಒಂದು ಪುಸ್ತಕದ ಕರಡು ಮುಂದಿಟ್ಟರು. ಕಟ್ಟಡದ ವಿಷಯ ತಿಳಿಸಲು ಅಚ್ಚು ಹಾಕಿಸಿ ಊರಿಗೆಲ್ಲ ಹಂಚುತ್ತಾರಂತೆ. ಮೊದಲ ಪುಟದಲ್ಲೇ ಹೋದ ವರ್ಷದ ಕಥೆ: "ಒಬ್ಬ ನೌಕರಳ ಉದಾಸೀನದಿಂದ ಇಪ್ಪತ್ಮೂರು ಜೀವಗಳು." ನನ್ನ ವರದಿಯಿಂದ ಎತ್ತಿದ ಸಾಲುಗಳು. ಪಕ್ಕದಲ್ಲಿ ಆ ಹೆಬ್ಬೆಟ್ಟಿನ ಚಿತ್ರ, ದೊಡ್ಡದಾಗಿ.

"ಜನಕ್ಕೆ ಮನಸ್ಸಿಗೆ ತಾಗ್ಬೇಕು ಡಾಕ್ಟ್ರೇ. ಅಂದಹಾಗೆ, ಆ ಹೆಂಗಸು ದೊಡ್ಡಾಸ್ಪತ್ರೆಗೆ ಅರ್ಜಿ ಹಾಕಿದ್ಲಂತೆ. ಅಲ್ಲಿ ನೋಡ್ಕೊಳ್ಳೋದು ನನ್ನ ಭಾಮೈದ. ನಿಮ್ಮ ವರದಿ ತೋರಿಸ್ದೆ. ರೋಗಿಗಳಿರೋ ಕಡೆ ಅಂಥವ್ರು ಬೇಡ ಅಂದೆ. ಕೈಬಿಟ್ರು."

"ಅದು ನಿಮಗೆ ಸಂಬಂಧ ಪಟ್ಟದ್ದಲ್ಲ."

"ಯಾಕೆ ಡಾಕ್ಟ್ರೇ, ನೀವೇ ಬರ್ದಿದ್ದೀರಲ್ಲ?"

ಎದ್ದು ಬಂದೆ. ಅವನ ಮೇಲೆ ಇಷ್ಟು ಸಿಟ್ಟು ಯಾಕೆ ಬಂತು? ನಮಗೆ ನೆಲೆ ಕೊಡುತ್ತಿರುವ ಮನುಷ್ಯ. ತಲೆ ಸಿಡಿಯುತ್ತಿದೆ, ಸಾಕು.

ಮಾರ್ಚ್ ೪, ಮಂಗಳವಾರ

ಏನೂ ಬರೆಯುವುದಿಲ್ಲ.

ಮಾರ್ಚ್ ೮, ಶನಿವಾರ

ಇವತ್ತು ಕೆಲಸದವರು ಬರುವ ಮೊದಲೇ ಹೋದೆ. ಕೆಳಗಿನ ನಲ್ಲಿ ಮುಟ್ಟದೆ, ಮೇಲಿನ ನಲ್ಲಿಯಲ್ಲಿ ಬಕೆಟ್ಟು ತುಂಬಿಸಿಕೊಂಡು ಮರಿಗಳ ಕೋಣೆಗೆ ಹೊತ್ತು ತೊಳೆದೆ. ಆಮೇಲೆ ಗೂಡುಗಳ ಸಾಲು. ಕೊನೆಗೆ ಕಾಯಿಲೆಯ ಕೋಣೆ, ಅದರ ಕೊಳೆ ಹಿಂದಿನ ಗುಂಡಿಗೆ. ಐವತ್ತಾರು ವರ್ಷದ, ಮೊಣಕಾಲು ಊದಿದ ನಾನು, ಒಬ್ಬಳೇ. ಐವತ್ತು ನಿಮಿಷ ಹಿಡಿಯಿತು. ನೀರು ಬರುತ್ತಿದ್ದುದು ಒಂದು ಗಂಟೆ. ಆಗುತ್ತಿತ್ತು.

ಪೈಪಕ್ಕ ಅದನ್ನೇ ಹೇಳಿದ್ದಳು. "ಬಕೆಟ್ಟಲ್ಲಿ ಹೊತ್ತು ಹಾಕ್ತೀನಿ ಡಾಕ್ಟ್ರಮ್ಮಾ, ಆಗತ್ತೆ. ಮೇಲಿಂದ ಬಿಟ್ರೆ ಎಲ್ಲಾ ಮರಿಗಳ ಕಡೆ ಹೋಗತ್ತೆ." ನಾನು, ನಿನ್ನ ಸೊಂಟ ಮುರಿದರೆ ತೊಳೆಯುವವರು ಯಾರು, ಹೇಳಿದಷ್ಟು ಮಾಡು ಎಂದೆ. ಸಂಜೆ ನಾನೇ ಅಂಗಡಿಗೆ ಹೋಗಿ ನೂರಡಿಯ ಪೈಪು ತಂದುಕೊಟ್ಟೆ. ಅದನ್ನು ಹೆಗಲಿಗೆ ಸುತ್ತಿಕೊಂಡು ಓಡಾಡುತ್ತಾಳೆಂದು ಎಲ್ಲರೂ ಪೈಪಕ್ಕ ಎಂದು ಕರೆದರು. ಎರಡು ವಾರದ ಮಟ್ಟಿಗೆ ಎಂದಿದ್ದೆ. ಆರು ವಾರವಾಯಿತು. ಐದನೆಯ ವಾರ ರಕ್ತಭೇದಿಯ ನಾಯಿಯೊಂದನ್ನು ಯಾರೋ ಗೇಟಿಗೆ ಕಟ್ಟಿ ಹೋದರು. ಕಾಯಿಲೆಯ ಕೋಣೆಯಲ್ಲಿ ಇಟ್ಟೆ. ಅವತ್ತಾದರೂ ಪೈಪು ನಿಲ್ಲಿಸು ಅನ್ನಬೇಕಿತ್ತು. ಆ ರೋಗದ ವೈರಸ್ ಫಿನಾಯಿಲಿಗೆ ಸಾಯುವುದಿಲ್ಲ, ನೀರಿನಲ್ಲಿ ಹರಿದು ಹೋಗುತ್ತದೆ ಎಂದು ಎಷ್ಟು ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದೇನೆ. ಮರೆತೆ ಎಂದರೆ ಸುಳ್ಳು. ನೆನಪಾಯಿತು, ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಬೇರೆ ಏನೋ ಬಂತು.

ಆಮೇಲೆ ಆಡಳಿತ ಮಂಡಳಿಯವರು ಮೂರು ದಿನದಲ್ಲಿ ಕಾರಣ ಬರೆದುಕೊಡಿ ಅಂದರು. ನನ್ನ ಹೆಸರು ಬಂದರೆ ಆಶ್ರಯವನ್ನೇ ಮುಚ್ಚುತ್ತಾರೆ, ಅವಳಾದರೆ ಬೇರೆ ಕಡೆ ಕೆಲಸ ಸಿಕ್ಕೀತು ಎಂದು ಲೆಕ್ಕ ಹಾಕಿದೆ. ಒಂದೂವರೆ ಪುಟ ಬರೆಯಲು ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹೆಬ್ಬೆಟ್ಟು ಒತ್ತು ಎಂದೆ, ಒತ್ತಿದಳು. ಅವತ್ತೂ ಅವಳು ಮರಿಗಳಿಗಾಗಿ ಅಳುತ್ತಿದ್ದಳು. ಅದನ್ನು ನೋಡಿ ನನಗೆ ಸಿಟ್ಟು ಬಂದಿತ್ತು.

ಮಧ್ಯಾಹ್ನ ಇವರು ಊಟಕ್ಕೆ ಕರೆದಾಗಲೂ ಇದನ್ನೇ ಬರೆಯುತ್ತಿದ್ದೆ. "ಇವತ್ತು ಯಾರ ಸರದಿ?" ಅಂದರು. ಡೈರಿ ಮುಚ್ಚಿಟ್ಟೆ.

ಮಾರ್ಚ್ ೧೫, ಶನಿವಾರ

ಹೊಸ ವರದಿ ಬರೆದೆ. ಇದಕ್ಕೆ ಐದು ದಿನ ಹಿಡಿಯಿತು. ಪೈಪು ತಂದದ್ದು ಯಾರು, ಬೇಡವೆಂದವರು ಯಾರು, ಬೇಕೆಂದವರು ಯಾರು, ಎಲ್ಲ. ಕೆಳಗೆ ನನ್ನ ಸಹಿ. ಮಂಡಳಿಗೆ ಒಂದು ಪ್ರತಿ ಕಳಿಸಿ, ಯಜಮಾನರ ಮೇಜಿನ ಮೇಲೆ ಒಂದನ್ನು ಇಟ್ಟೆ.

ಓದಿದರು. ಕನ್ನಡಕ ತೆಗೆದರು.

"ಇದನ್ನ ಯಾಕೆ ತಂದ್ರಿ? ಐದು ದಿನ ಬಿಟ್ಟು ಸಹಿ ಇತ್ತು."

"ಅದಕ್ಕೇ ತಂದೆ."

"ನಾನು ಇದನ್ನ ನೋಡೇ ಇಲ್ಲ ಅನ್ಕೊಳ್ಳಿ. ಮಂಡಳಿಯವ್ರಿಗೆ ನಾನು ಹೇಳ್ತೀನಿ. ನಾಯಿಗಳಿಗೆ ಮನೆ ಆಗತ್ತೆ. ಆ ಹೆಂಗಸಿಗೆ ಬೇಕಾದ್ರೆ ಫ್ಯಾಕ್ಟರೀಲಿ ಕೆಲಸ ಕೊಡ್ತೀನಿ. ಎಲ್ರಿಗೂ ಒಳ್ಳೇದೇ ಅಲ್ವಾ? ಈ ಕಾಗದ ತಗೊಂಡು ಹೋಗಿ."

ಎಲ್ಲರಿಗೂ ಒಳ್ಳೆಯದೇ. ಅರವತ್ತನಾಲ್ಕು ನಾಯಿಗಳ ಮುಖ ಕಣ್ಣ ಮುಂದೆ ಬಂತು. ಕೈ ಮುಂದೆ ಚಾಚಿದ್ದೂ ನಿಜ. ಅಷ್ಟರಲ್ಲಿ ಮೇಜಿನ ಇನ್ನೊಂದು ತುದಿಯಲ್ಲಿದ್ದ ಪುಸ್ತಕದ ಕರಡು ಕಾಣಿಸಿತು, ಹೆಬ್ಬೆಟ್ಟು ಮೇಲೆ ಮಾಡಿಕೊಂಡು ಬಿದ್ದಿತ್ತು. ಅದನ್ನು ಎತ್ತಿಕೊಂಡು ನನ್ನ ಚೀಲಕ್ಕೆ ಹಾಕಿಕೊಂಡೆ. ನನ್ನ ಕಾಗದ ಅಲ್ಲೇ ಬಿಟ್ಟೆ.

"ನಿಮ್ಗೆ ಸಿಟ್ಟು ಜಾಸ್ತಿ ಡಾಕ್ಟ್ರೇ" ಅಂದರು. ಅವರಿಗೆ ಹೇಗೆ ಹೇಳುವುದು, ಆಗ ನನಗೆ ಸಿಟ್ಟು ಬಂದಿರಲಿಲ್ಲ ಎಂದು.

ಮಾರ್ಚ್ ೧೯, ಬುಧವಾರ

ಯಜಮಾನರ ಕಡೆಯಿಂದ ಕಾಗದ ಬಂತು. ಕಟ್ಟಡ ಆಗುತ್ತದೆ, ಗೋದಾಮೂ ಸಿಗುತ್ತದೆ. ಆದರೆ ಉಸ್ತುವಾರಿ ಬೇರೆ ಡಾಕ್ಟರದು. ನಾಯಿಗಳು ಗೋದಾಮಿಗೆ ಹೋದ ದಿನಕ್ಕೆ ನನ್ನ ಕೆಲಸ ಮುಗಿಯುತ್ತದೆ. ಹತ್ತೊಂಬತ್ತು ವರ್ಷ. ಅವರದು ತಪ್ಪೆಂದು ಹೇಳಲು ಬರುವುದಿಲ್ಲ.

ಇಡೀ ದಿನ ಫೋನ್ ಮಾಡಿ ಮಾಡಿ ಒಂದು ಮಾತು ಮಾತ್ರ ಬರೆಸಿಕೊಂಡೆ: ಗಾಜು ಬೇಡ, ಒಂದು ಕಡೆಯೂ ಬೇಡ. ಆಸ್ಪತ್ರೆಯ ಭಾಮೈದನಿಗೂ ಹೊಸ ವರದಿ ಕಳಿಸಿದೆ. ಆ ಜಾಗ ತುಂಬಿಹೋಗಿದೆಯಂತೆ.

ಸ್ಕೇಲು ಬಂದು ಪಕ್ಕದಲ್ಲಿ ಕೂತಳು. ಏನೂ ಅಳೆಯಲಿಲ್ಲ. ಹೊಸ ಡಾಕ್ಟರು ಬಂದರೆ ನಕ್ಷೆಯನ್ನು ಮೊದಲು ಅವರಿಗೆ ವಿವರಿಸು, ಕೆಂಪು ಗೀಟಿನಿಂದ ಶುರು ಮಾಡು ಎಂದೆ. ತಲೆಯಾಡಿಸಿದಳು. ಒಳ್ಳೆಯ ಹುಡುಗಿ, ಮೊದಲಿಂದಲೂ ಒಳ್ಳೆಯವಳೇ.

ಮಾರ್ಚ್ ೨೩, ಭಾನುವಾರ

ಪೈಪಕ್ಕನ ಮನೆ ಹುಡುಕಿಕೊಂಡು ಹೋದೆ. ಟೈಲರ್ ಅಂಗಡಿಯ ಹಿಂದೆ ಒಂದೇ ಕೋಣೆ. ಬಾಗಿಲಲ್ಲಿ ಕೂತು ಅಂಗಡಿಯವನ ಶರ್ಟುಗಳಿಗೆ ಗುಂಡಿ ಹೊಲಿಯುತ್ತಿದ್ದಳು. ನನ್ನನ್ನು ಕಂಡು ಎದ್ದು, ಇದ್ದ ಒಂದು ಸ್ಟೂಲನ್ನು ಸೆರಗಿನಿಂದ ಒರೆಸಿ ಹಾಕಿದಳು. "ಕಾಗದ ತಂದ್ರಾ ಡಾಕ್ಟ್ರಮ್ಮಾ? ಆಸ್ಪತ್ರೆಯವ್ರು ಬೇಡ ಅಂದ್ರು. ಯಾಕೆ ಅಂತ ಹೇಳ್ಲಿಲ್ಲ. ವಯಸ್ಸಾಯ್ತು ಅಂತಿರ್ಬೇಕು."

ಕೂರಲಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ನಿನ್ನ ಮೇಲೆ ತಪ್ಪು ಹೊರಿಸಿದ ವರದಿ ವಾಪಸ್ ತೆಗೆದುಕೊಂಡೆ, ನಿಜ ಬರೆದುಕೊಟ್ಟೆ, ನಿನ್ನದೇನೂ ತಪ್ಪಿಲ್ಲವೆಂದು ಎಲ್ಲರಿಗೂ ಈಗ ಗೊತ್ತು ಎಂದೆಲ್ಲ ಹೇಳಿದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದಳು.

"ಯಾವ ವರದಿ?"

"ನೀನು ಹೆಬ್ಬೆಟ್ಟು ಒತ್ತಿದ್ದು."

"ಅದು ಲೆಕ್ಕ ಚುಕ್ತಾ ಕಾಗದ ಅಲ್ವಾ? ಕೆಲಸ ಬಿಡುವಾಗ ಒತ್ತಿಸ್ಕೊಂಡ್ರಿ. ಮರಿಗಳಿಲ್ದೆ ಹೋದ್ಮೇಲೆ ತೊಳೆಯೋಕೆ ಏನಿದೆ ಅಂತ ಬಿಡಿಸಿದ್ರಿ ಅನ್ಕೊಂಡಿದ್ದೆ."

ಹತ್ತು ತಿಂಗಳು. ಬಸ್ ಸ್ಟಾಪಿನಲ್ಲಿ ನಕ್ಕವಳಿಗೆ ಏನೂ ಗೊತ್ತಿರಲಿಲ್ಲ. ಅವತ್ತು ಅವಳು ಏನೆಂದು ಕೇಳಲಿಲ್ಲ, ನಾನು ಏನೆಂದು ಹೇಳಲಿಲ್ಲ. ನಾನು ಕೊಟ್ಟ ಕಾಗದ ಎಂಬ ನಂಬಿಕೆಯ ಮೇಲೆ ಬೆರಳು ಒತ್ತಿದ್ದಳು.

"ಅದು ಇದೆಯಾ?" ಅಂದಳು.

ಚೀಲದಿಂದ ಹೊಸ ವರದಿ ತೆಗೆದೆ.

"ಅದಲ್ಲ. ನಾನು ಒತ್ತಿದ್ದು. ಓದಿ."

ಓದಿದೆ. ಹಳೆಯ ವರದಿಯ ಪ್ರತಿಯೂ ಚೀಲದಲ್ಲಿತ್ತು, ತೆಗೆದು ಬಾಗಿಲಲ್ಲಿ ನಿಂತುಕೊಂಡೇ ಓದಿದೆ. "ಸದರಿ ನೌಕರಳು ಪದೇ ಪದೇ ಸೂಚನೆ ನೀಡಿದರೂ ಪಾಲಿಸದೆ" ಎಂಬಲ್ಲಿ ನಿಲ್ಲಿಸಿದೆ. "ಮುಂದೆ" ಅಂದಳು. ಓದಿದೆ. ಒಂದೂವರೆ ಪುಟ, ಕೊನೆಯ ಸಾಲಿನವರೆಗೆ. ಸೂಜಿ ಶರ್ಟಿನಲ್ಲಿ ಹಾಗೇ ನಿಂತಿತ್ತು.

"ಸದರಿ ನೌಕರಳು ಅಂದ್ರೆ ನಾನಾ?"

ಹೌದು ಅಂದೆ.

ಅಳಲಿಲ್ಲ, ಬಯ್ಯಲಿಲ್ಲ. ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು. ಶರ್ಟನ್ನು ಮಡಚಿ ಪಕ್ಕಕ್ಕಿಟ್ಟು, ನೆಟ್ಟಗೆ ಕೂತಳು.

"ಆ ಸದರಿ ಅಂತ ಬಂದ ಕಡೆಯೆಲ್ಲ ನನ್ನ ಹೆಸ್ರು ಹಾಕಿ ಇನ್ನೊಂದ್ಸಲ ಓದಿ."

ಹಾಕಿ ಓದಿದೆ. ಒಂಬತ್ತು ಕಡೆ ಬಂತು.